ಸಿತಾರ್, ಪೇಟಿ, ಚೌಡಕಿ, ಜಗ್ಗಲಗಿ: ಈ ಹೆಸರುಗಳು ಎಲ್ಲಿಂದ ಬಂದವು?

ಮಾಳಮಡ್ಡಿ ಟೀಚರ್
ಎಲ್ಲರಿಗೂ ನಮಸ್ಕಾರ. ಧಾರವಾಡದ ಒಂದು ಶಾಲೆಯಲ್ಲಿ ಸಂಗೀತ ಕಲಿಸುತ್ತೇನೆ. ಕ್ಲಾಸಿನ ಗೋಡೆಗೆ ಹಚ್ಚಲು ವಾದ್ಯಗಳ ಚಾರ್ಟ್ ಒಂದನ್ನು ಅಂಗಡಿಯಿಂದ ತಂದೆ. ಚಿತ್ರ, ಹೆಸರು, ಪಕ್ಕದಲ್ಲಿ 'ಕಂಡುಹಿಡಿದವರು' ಅಂತ ಒಂದು ಕಾಲಂ. ಸಿತಾರ್ ಎದುರು ಅಮೀರ್ ಖುಸ್ರೋ. ತಬಲಾ ಎದುರೂ ಅಮೀರ್ ಖುಸ್ರೋ. ಹಾರ್ಮೋನಿಯಂ, ಅಂದರೆ ನಮ್ಮ ಪೇಟಿ, ಅದರ ಎದುರು 'ವಿದೇಶಿ' ಅಂತ ಬರೆದು ಕೈತೊಳೆದುಕೊಂಡಿದ್ದಾರೆ. ನಮ್ಮ ಕಡೆಯ ಸನಾದಿ, ಕರಡಿ, ಚೌಡಕಿ, ತುಂತುಣಿ, ಜಗ್ಗಲಗಿ ಒಂದೂ ಇಲ್ಲ. ಕ್ಲಾಸಿನ ಹುಡುಗಿಯೊಬ್ಬಳು "ಮಿಸ್, ನಮ್ಮ ಅಜ್ಜಿ ಬಾರಿಸೋದು ಇದರಾಗ ಇಲ್ಲಲ್ರೀ" ಅಂದಳು.

ಹಾಗಾಗಿ ಚಾರ್ಟನ್ನು ನಾವೇ ಮಾಡೋಣ ಅಂತಿದ್ದೇವೆ. ವಾದ್ಯದ ಹೆಸರು ಎಲ್ಲಿಂದ ಬಂತು, ವಾದ್ಯ ಎಲ್ಲಿಂದ ಬಂತು, ಗೊತ್ತಿದ್ದವರು ಬರೆಯಿರಿ. ಸುಮ್ನೆ ಕೇಳಿದ ಕಥೆಯಾದರೆ ಕಥೆ ಅಂತಲೇ ಹೇಳಿ.

ಪೇಟಿ ಕಾಕಾ
ಟೀಚರ್, ಮೊದಲು ಖುಸ್ರೋ ಹೆಸರನ್ನು ಅಳಿಸಿ. ದೊಡ್ಡ ಕವಿ, ಸಂಗೀತ ಬಲ್ಲವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ತೀರಿಹೋಗಿದ್ದು 1325ರಲ್ಲಿ. ಸಿತಾರ್ ಅನ್ನೋ ವಾದ್ಯ ದೆಹಲಿಯಲ್ಲಿ ಹೆಸರು ಮಾಡಿದ್ದು 18ನೇ ಶತಮಾನದಲ್ಲಿ. ನಡುವೆ ನಾಲ್ಕು ನೂರು ವರ್ಷ! ಆ 18ನೇ ಶತಮಾನದಲ್ಲಿ ಖುಸ್ರೋ ಖಾನ್ ಅಂತ ಇನ್ನೊಬ್ಬರಿದ್ದರು. ಖಯಾಲ್‌ಗಳಲ್ಲಿ 'ಸದಾರಂಗ' ಅಂತ ಅಂಕಿತ ಬರುತ್ತದಲ್ಲ, ಆ ನಿಯಾಮತ್ ಖಾನರ ತಮ್ಮ ಅಂತ ಹೇಳುತ್ತಾರೆ. ಸಿತಾರನ್ನು ದರ್ಬಾರಿಗೆ ತಂದವರು ಇವರು ಅನ್ನೋದು ಈಗಿನ ಸಂಶೋಧಕರ ಮಾತು. ಹೆಸರು ಒಂದೇ ಆಗಿದ್ದಕ್ಕೆ ಹಳಬರ ಖಾತೆಗೆ ಜಮಾ ಆಯಿತು.

ಹೆಸರಂತೂ ಪಾರಸಿ. 'ಸೆಹ್' ಅಂದರೆ ಮೂರು, 'ತಾರ್' ಅಂದರೆ ತಂತಿ. ಈಗಿನ ಸಿತಾರಿನಲ್ಲಿ ಮೇಲೆಯೇ ಆರೇಳು ತಂತಿ, ಕೆಳಗೆ ಮೀಟದೆಯೇ ಮಿಡಿಯೋ ತರಬ್ ತಂತಿಗಳು ಬೇರೆ ಹನ್ನೊಂದು ಹದಿಮೂರು. ಮೂರು ತಂತಿಯ ಹೆಸರು ಇಟ್ಟುಕೊಂಡು ಇಷ್ಟು ದೊಡ್ಡ ಸಂಸಾರ ಮಾಡಿದೆ.

ಸಾಧನಕೇರಿ ಓದುಗ
ಆ ತಂತಿಗಳ ಸುದ್ದಿಯಲ್ಲಿ ಧಾರವಾಡದ ಪಾಲೂ ಇದೆ. ಚಾರ್ಟಿನಲ್ಲಿ ದಯವಿಟ್ಟು ಸೇರಿಸಿ. 'ಸಿತಾರ್ ರತ್ನ' ರಹಿಮತ್ ಖಾನರು ಇಲ್ಲೇ ನೆಲೆ ನಿಂತವರು. ಬಂದೇ ಅಲಿ ಖಾನರ ಶಿಷ್ಯರು. ಬಂದೇ ಅಲಿ ಖಾನರು ಬೀನ್ ಅಂದರೆ ರುದ್ರವೀಣೆ ನುಡಿಸುವವರು. ಬೀನ್ ನುಡಿಸುವ ಶೈಲಿಯ ಗಾಂಭೀರ್ಯ ಸಿತಾರಿನಲ್ಲೂ ಬರಲಿ ಅಂತ ರಹಿಮತ್ ಖಾನರು ಖರ್ಜದ, ಅಂದರೆ ಕೆಳಗಿನ ಸ್ಥಾಯಿಯ ತಂತಿಗಳನ್ನು ಸೇರಿಸಿ ತಂತಿ ಕಟ್ಟುವ ಕ್ರಮವನ್ನೇ ಬದಲಿಸಿದರು ಅಂತ ಆ ಘರಾಣೆಯವರು ಹೇಳುತ್ತಾರೆ. 1931ರಲ್ಲಿ ಧಾರವಾಡದಲ್ಲಿ ಭಾರತೀಯ ಸಂಗೀತ ವಿದ್ಯಾಲಯ ಶುರು ಮಾಡಿದವರೂ ಅವರೇ. ಮೊಮ್ಮಗ ಉಸ್ತಾದ್ ಬಾಲೇಖಾನರ ಸಿತಾರನ್ನು ನಮ್ಮಲ್ಲಿ ಎಷ್ಟೋ ಜನ ಎದುರಿಗೇ ಕೂತು ಕೇಳಿದ್ದೇವೆ.

ಅಂದರೆ ಹೆಸರು ಇರಾನಿನದು, ಬೆಳೆದದ್ದು ದೆಹಲಿಯಲ್ಲಿ, ತಂತಿ ತಿದ್ದಿಸಿಕೊಂಡಿದ್ದು ಧಾರವಾಡದಲ್ಲಿ. 'ಕಂಡುಹಿಡಿದವರು' ಕಾಲಂನಲ್ಲಿ ಯಾರನ್ನು ಬರೆಯುತ್ತೀರಿ?

ಕುಂದಗೋಳ ಲೈನ್
ಮಿರಜನ್ನು ಮರೆತಿರಲ್ಲ ಸರ್. ನಮ್ಮ ಕಡೆ ಮನೆಗಳಲ್ಲಿ ಇರೋ ತಂಬೂರಿ, ಸಿತಾರ್ ಬಹಳಷ್ಟು ಮಿರಜಿನವು. ರೈಲಿನಲ್ಲಿ ಹೋಗಿ, ತೊಡೆ ಮೇಲೆ ಇಟ್ಟುಕೊಂಡು ಬರೋದು ಹಿಂದಿನಿಂದ ನಡೆದು ಬಂದ ಪದ್ಧತಿ. ಅಲ್ಲಿಯ ಶಿಕಲಗಾರ ಮನೆತನದವರು ಮೂಲದಲ್ಲಿ ಕತ್ತಿ, ಆಯುಧ ಮಾಡೋರು, ಮಸೆಯೋರು. 19ನೇ ಶತಮಾನದಲ್ಲಿ ಸಂಸ್ಥಾನಗಳ ಯುದ್ಧ ನಿಂತು ಕತ್ತಿಗೆ ಗಿರಾಕಿ ಕಡಿಮೆಯಾದಾಗ ಅದೇ ಕೈಗಳು ತಂಬೂರಿಗೆ ತಿರುಗಿದವು. ಬುರುಡೆಗೆ ಬೇಕಾದ ದಪ್ಪ ಸೋರೆ ಪಂಢರಪುರ, ಮಂಗಳವೇಢೆ ಕಡೆಯ ಹೊಲಗಳಿಂದ ಬರುತ್ತದೆ. ಅಡುಗೆಯ ಸೋರೆಯಲ್ಲ, ಕಹಿ ಸೋರೆ. ಬಳ್ಳಿಯಲ್ಲೇ ಬಲಿತು ಒಣಗಿ ಗಟ್ಟಿಯಾಗಬೇಕು. ಮಿರಜಿನ ಸಿತಾರ್, ತಂಬೂರಿ ಎರಡಕ್ಕೂ 2024ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರಿನದೇ ಅನ್ನೋ ಅಧಿಕೃತ ಗುರುತು ಸಿಕ್ಕಿದೆ.

ತಂಬೂರಿ ಹೆಸರಿನ ಬಗ್ಗೆ ಎರಡು ವಾದ ಇದೆ. ಗಂಧರ್ವ ತುಂಬುರುವಿನಿಂದ ಬಂತು ಅನ್ನೋದು ಒಂದು. ಪಾರಸಿಯ 'ತನ್ಬೂರ್'ನಿಂದ ಬಂತು ಅನ್ನೋದು ಇನ್ನೊಂದು. ಹೆಚ್ಚಿನ ವಿದ್ವಾಂಸರು ಎರಡನೆಯದಕ್ಕೇ ಒಲಿಯುತ್ತಾರೆ. ಮಜಾ ಏನಂದರೆ ಇರಾನಿನ ತನ್ಬೂರ್‌ಗೆ ಸ್ವರದ ಜಾಗ ತೋರಿಸೋ ಮೆಟ್ಟಿಲು ಕಟ್ಟಿರುತ್ತಾರೆ, ಅದರ ಮೇಲೆ ರಾಗವನ್ನೇ ನುಡಿಸುತ್ತಾರೆ. ನಮ್ಮ ತಂಬೂರಿಗೆ ಮೆಟ್ಟಿಲೇ ಇಲ್ಲ. ಹಾಡೋರ ಬೆನ್ನಿಗೆ ಷಡ್ಜ ಹಿಡಿದು ಕೂರೋದಷ್ಟೇ ಅದರ ಕೆಲಸ.

ಗುತ್ತಲ ಹುಡುಗ
ತಂಬೂರಿಯ ಜವಾರಿ ತೆಗೆಸಬೇಕು ಅಂತಾರಲ್ಲ, ಅದೂ ನಮ್ಮ ಜವಾರಿ ಬದನೆಕಾಯಿಯ ಜವಾರಿಯೂ ಒಂದೇನಾ? 😄

ಕುಂದಗೋಳ ಲೈನ್
ಅಲ್ಲ ತಮ್ಮಾ. ನೀನು ಸಂತೆಯಲ್ಲಿ ಕೇಳೋ ಜವಾರಿ ಅಂದರೆ ನಾಟಿ ತಳಿ. ತಂಬೂರಿಯ ಜವಾರಿ ಅಂದರೆ ಕುದುರೆ, ಅಂದರೆ ತಂತಿಗಳು ಹಾದು ಹೋಗೋ ಪಟ್ಟಿ, ಅದರ ಮೇಲಿನ ಇಳಿಜಾರು. ಅಲ್ಲಿ ತಂತಿ ಪೂರ್ತಿ ಎದ್ದೂ ಇರಬಾರದು, ಪೂರ್ತಿ ಕೂತೂ ಇರಬಾರದು. ಸವರಿದಂತೆ ತಾಗುತ್ತಿರಬೇಕು. ಅದಕ್ಕೇ ತಂತಿ ಕೆಳಗೆ ಒಂದು ಎಳೆ ನೂಲು ತೂರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾರೆ. ನೂಲು ಸರಿಯಾದ ಜಾಗಕ್ಕೆ ಬಂದ ಕ್ಷಣ ಒಣ 'ಟಣ್' ಹೋಗಿ 'ಝೇಂ' ಅಂತ ತುಂಬಿಕೊಳ್ಳುತ್ತದೆ. ಒಂದು ಸಲ ಮಿರಜಿಗೆ ಹೋಗಿ ಕೂತು ನೋಡು. ಕಾನಸು ಹಿಡಿದು ಕುದುರೆ ಉಜ್ಜುವವರು ಮಾತೇ ಆಡೋದಿಲ್ಲ, ಕಿವಿ ಅಲ್ಲೇ ಇರುತ್ತದೆ.

ಗುತ್ತಲ ಹುಡುಗ
ಸರಿ ಸರ್. ನಾನು ತಬಲಾ ಕಲಿಯುತ್ತೇನೆ. ಪಖವಾಜ್ ಅನ್ನೋ ಎರಡು ಮುಖದ ಚರ್ಮವಾದ್ಯವನ್ನು ಸಿಟ್ಟಿನಲ್ಲಿ ನೆಲಕ್ಕೆ ಒಗೆದರಂತೆ, ಎರಡು ಹೋಳಾಯಿತಂತೆ, ಆದರೂ ನುಡಿಯಿತಂತೆ. 'ತಬ್ ಭೀ ಬೋಲಾ' ಅಂದರಂತೆ, ಅದೇ ತಬಲಾ ಆಯಿತಂತೆ. ಇದನ್ನು ಚಾರ್ಟಿಗೆ ಹಾಕಬಹುದಾ?

ಸಾಧನಕೇರಿ ಓದುಗ
ನಗೋಕೆ ಹಾಕಬಹುದು. 'ತಬ್ಲ್' ಅನ್ನೋದು ಅರಬ್ಬಿ ಶಬ್ದ, ಚರ್ಮವಾದ್ಯ ಅಂತ ಅರ್ಥ. ಪಾರಸಿಯ ಮೂಲಕ ಇಲ್ಲಿಗೆ ಬಂತು. ಹಾಗಂತ ವಾದ್ಯವೂ ಅರಬಸ್ಥಾನದಿಂದ ಒಂಟೆ ಮೇಲೆ ಬಂತು ಅಂತಲ್ಲ. ನಿಲ್ಲಿಸಿ ಬಾರಿಸೋ ಜೋಡಿ ವಾದ್ಯಗಳು ಈ ನೆಲದಲ್ಲಿ ಬಹಳ ಹಳೆಯವು. ಭರತನ ನಾಟ್ಯಶಾಸ್ತ್ರದಲ್ಲಿ 'ಪುಷ್ಕರ' ಅಂತ ಮೂರು ವಾದ್ಯಗಳ ಗುಂಪು ಬರುತ್ತದೆ. ತೊಡೆ ಮೇಲೆ ಇಡೋದು ಆಂಕಿಕ, ನಿಲ್ಲಿಸೋದು ಊರ್ಧ್ವಕ, ತಬ್ಬಿಕೊಂಡು ಬಾರಿಸೋದು ಆಲಿಂಗ್ಯ. ಬಾದಾಮಿಯ ಮೊದಲನೇ ಗುಹೆಗೆ ಹೋಗಿ. ಹದಿನೆಂಟು ಕೈಯ ನಟರಾಜನ ಪಕ್ಕ ಗಣಪತಿಯ ಹತ್ತಿರ ವಾದ್ಯ ಬಾರಿಸುತ್ತಾ ಕೂತವನನ್ನು ನೋಡಿ. ಅದು 6ನೇ ಶತಮಾನದ ಕೆತ್ತನೆ.

ಇವತ್ತಿನ ತಬಲಾ ರೂಪಕ್ಕೆ ಬಂದದ್ದು ಮತ್ತೆ ಅದೇ 18ನೇ ಶತಮಾನದ ದೆಹಲಿಯಲ್ಲಿ. ತಬಲಾದ ನಿಜವಾದ ವಿಶೇಷ ಹೆಸರಲ್ಲ, ನಡುವೆ ಹಚ್ಚುವ ಕರಿ ಶಾಯಿ. ಕಬ್ಬಿಣದ ಪುಡಿ, ಗಂಜಿ ಕಲಸಿ ತೆಳ್ಳಗೆ ಪದರದ ಮೇಲೆ ಪದರ ಹಚ್ಚಿ, ಪ್ರತಿ ಪದರಕ್ಕೂ ಕಲ್ಲಿನಿಂದ ತಿಕ್ಕುತ್ತಾರೆ. ಬರೀ ಚರ್ಮ ಕಟ್ಟಿದ ವಾದ್ಯದಿಂದ ಸದ್ದು ಬರುತ್ತದೆ, ಸ್ವರ ಬರೋದು ಕಷ್ಟ. ಆ ಶಾಯಿಯ ಭಾರದಿಂದ ಮೇಲಿನ ನಾದಗಳು ಮೂಲ ನಾದದ ಎರಡರಷ್ಟು, ಮೂರರಷ್ಟು ಅಂತ ಲೆಕ್ಕಕ್ಕೆ ಬಂದು ಕೂರುತ್ತವೆ. ಇದನ್ನು ಪ್ರಯೋಗ ಮಾಡಿ ತೋರಿಸಿದವರು ಸಿ.ವಿ. ರಾಮನ್. ಮೃದಂಗ, ತಬಲಾ ಬಗ್ಗೆ ಅವರ ಮೊದಲ ಬರಹ 1920ರದ್ದು, ಮುಂದಿನದು 1934ರದ್ದು. ವಿಜ್ಞಾನದ ಟೀಚರನ್ನೂ ನಿಮ್ಮ ಚಾರ್ಟಿಗೆ ಎಳೆದುಕೊಳ್ಳಿ.

ಬ್ಯಾಹಟ್ಟಿಯವ
ದೆಹಲಿ, ಇರಾನ್ ಆಯಿತು. ಹುಬ್ಬಳ್ಳಿ ತಾಲೂಕಿಗೆ ಬರೋಣ್ವಾ? ನಮ್ಮೂರ ಬ್ಯಾಹಟ್ಟಿಯ ಜಗ್ಗಲಗಿ ಬಗ್ಗೆ ಯಾರೂ ಬರೆಯಲಿಲ್ಲ. ಜಗ್ಗಹಲಗಿ ಅಂತಲೂ ಅಂತಾರೆ. ಎತ್ತಿನ ಗಾಡಿಯ ಗಾಲಿ ನೋಡಿದ್ದೀರಲ್ಲ? ಆ ಗಾಲಿಯ ಹಳಿಗೆ ಹದ ಮಾಡಿದ ತೊಗಲು ಬಿಗಿದರೆ ಜಗ್ಗಲಗಿ. ಹೊತ್ತುಕೊಂಡು ಹೋಗೋ ಮಾತೇ ಇಲ್ಲ. ಬಾರಿಸೋ ಜಾಗದವರೆಗೆ ಗಾಲಿ ಹಾಗೇ ಉರುಳಿಸಿಕೊಂಡು ಹೋಗುತ್ತಾರೆ. ಹೋಳಿಗೆ, ಯುಗಾದಿಗೆ ಇದು ಇರಲೇಬೇಕು. ಒಂದು ಮೇಳದಲ್ಲಿ ಹದಿನೈದು ಜನದ ತನಕ ಇರುತ್ತಾರೆ. ಇಷ್ಟು ದೊಡ್ಡ ವಾದ್ಯಗಳನ್ನು ಒಟ್ಟಿಗೆ ನಡೆಸೋದು ಒಂದು ಚಿಕ್ಕ ವಾದ್ಯ, ಕಣಿಹಲಗಿ. ಮಣ್ಣಿನ ಬಳೆಗೆ ಕರುವಿನ ಚರ್ಮ ಬಿಗಿದದ್ದು. ಅದರ ಚುರುಕು ಸದ್ದಿನ ಮೇಲೆಯೇ ಎಲ್ಲರ ಕಣ್ಣು, ಕಿವಿ. ಕಣಿಹಲಗಿ ಗತ್ತು ಬದಲಿಸಿತು ಅಂದರೆ ಅಷ್ಟೂ ಜಗ್ಗಲಗಿ ಒಟ್ಟಿಗೆ ಬದಲಾಗಬೇಕು. ಎದುರಿಗೆ ನಿಂತರೆ ಸದ್ದು ಕಿವಿಗೆ ಬರೋದಿಲ್ಲ, ಸೀದಾ ಎದೆಗೇ ಬಡಿಯುತ್ತದೆ.

ಇದನ್ನು ಕಂಡುಹಿಡಿದವರು ಯಾರು ಅಂತ ಕೇಳಬೇಡಿ. ಗಾಡಿ ಇದ್ದ ಊರು, ತೊಗಲಿನ ಕೆಲಸ ಬಲ್ಲವರು ಇದ್ದ ಊರು. ಅಷ್ಟು ಸಾಕಲ್ವಾ?

ಬೆಟಗೇರಿ ಅಕ್ಕ
ಚಲೋ ಬರೆದಿರಿ ಅಣ್ಣಾರೆ. ಹೋಳಿ ಬಂತಂದರೆ ನಮ್ಮ ಓಣಿಯಲ್ಲಿ ಹುಡುಗರು ಹಲಗಿ ಕಾಸೋಕೆ ಮನೆ ಮುಂದಿನ ಕಸ, ಕಣಿಕೆ ಎಲ್ಲ ಒಯ್ಯುತ್ತಿದ್ದರು. ಹೊಗೆಯ ಮೇಲೆ ಹಿಡಿದು, ಬೆರಳಿಂದ ತಟ್ಟಿ ನೋಡಿ, ಮತ್ತೆ ಹಿಡಿದು. ಚರ್ಮ ಬಿಗಿದು 'ಠಣ್' ಅನ್ನೋ ತನಕ ಬಿಡುತ್ತಿರಲಿಲ್ಲ. ಈಗ ಫೈಬರ್ ಹಲಗಿ ಬಂದಿದೆ. ಕಾಸೋದೂ ಬೇಡ, ಮಳೆಗೆ ಹೆದರೋದೂ ಬೇಡ. ನನಗೇನೋ ಅದರ ಸದ್ದು ಡಬ್ಬಿ ಬಡಿದಂತೆಯೇ ಕೇಳುತ್ತದೆ.

ಟೀಚರ್, ನಿಮ್ಮ ಹುಡುಗಿಯ ಅಜ್ಜಿಯ ಚೌಡಕಿ ಬಗ್ಗೆ ನಾನು ಬರೆಯುತ್ತೇನೆ. ನಮ್ಮ ಮನೆಯವರು ಯಲ್ಲಮ್ಮನ ಒಕ್ಕಲು. ಚೌಡಕಿ ಅಂದರೆ ಚಿಕ್ಕ ಕೊಳಗದಂಥ ಕಟ್ಟಿಗೆಯ ಕೊಳವೆ. ಒಂದು ಬಾಯಿಗೆ ಚರ್ಮ ಮುಚ್ಚಿರುತ್ತದೆ, ಇನ್ನೊಂದು ತೆರೆದಿರುತ್ತದೆ. ಮಗ್ಗುಲಿಗೆ ಒಂದು ಕೋಲು ಜಡಿದಿರುತ್ತಾರೆ. ಚರ್ಮದ ನಟ್ಟನಡುವೆ ತೂತು ಮಾಡಿ ನರದ ತಂತಿ ಪೋಣಿಸಿ, ಕೊಳವೆ ಒಳಗಿನಿಂದ ತಂದು ಕೋಲಿನ ತುದಿಯ ಬಿರಡೆಗೆ ಸುತ್ತುತ್ತಾರೆ. ಎಡ ಕಂಕುಳಲ್ಲಿ ಅವುಚಿಕೊಂಡು ಬಲಗೈಯ ಚಿಕ್ಕ ಕಡ್ಡಿಯಿಂದ ತಂತಿ ಮೀಟುತ್ತಾರೆ. ಎಡಗೈ ಬಿಗಿ ಮಾಡಿದರೆ ನಾದ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ತಾಳವೂ ಅದರಲ್ಲೇ, ಸ್ವರವೂ ಅದರಲ್ಲೇ. ಜೋಗತಿಯರು ಹಾಡೋ ಚೌಡಕಿ ಪದಗಳಿಗೆ ಹೆಸರು ಬಂದದ್ದು ಈ ವಾದ್ಯದಿಂದ. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಪೇಟೆಯವರೂ ಒಂದಷ್ಟು ದಿನ ಯಲ್ಲಮ್ಮನ ಪದ, ಜೋಗತಿ ಕುಣಿತ ಅಂತ ಮಾತಾಡಿದರು.

ತುಂತುಣಿ ಇದರ ತಂಗಿ. ಹೆಸರಿಗೆ ಪಂಡಿತರನ್ನು ಕೇಳೋದು ಬೇಡ, ಮೀಟಿ ನೋಡಿ, ತಾನೇ ಹೇಳುತ್ತದೆ. ಗೀಗೀ ಪದಕ್ಕೆ ದಪ್ಪು, ತುಂತುಣಿ ಎರಡಿದ್ದರೆ ಮೇಳ ಕಟ್ಟಿದ ಹಾಗೆ.

ಪೇಟಿ ಕಾಕಾ
ಈಗ ನನ್ನ ಪಾಳಿ. 'ಹಾರ್ಮೋನಿಯಂ – ವಿದೇಶಿ' ಅಂತ ಬರೆದವರ ಮೇಲೆ ನನಗೆ ಸಿಟ್ಟಿದೆ. ತಪ್ಪಲ್ಲ, ಆದರೆ ಅರ್ಧ ಮಾತು.

ಹಾರ್ಮೋನಿಯಂ ಅನ್ನೋ ಹೆಸರಿಗೆ ಪ್ಯಾರಿಸಿನ ಅಲೆಕ್ಸಾಂಡ್ರ್ ದೆಬೆಂ 1842ರಲ್ಲಿ ಪೇಟೆಂಟ್ ತೆಗೆದುಕೊಂಡ. ಅದು ಮೇಜಿನ ಗಾತ್ರದ ವಾದ್ಯ. ಕುರ್ಚಿಯಲ್ಲಿ ಕೂತು ಎರಡೂ ಕಾಲಿಂದ ತಿದಿ ಒತ್ತಬೇಕು, ಎರಡೂ ಕೈಯಿಂದ ನುಡಿಸಬೇಕು. ಪಾದ್ರಿಗಳ ಜೊತೆ, ಸಾಹೇಬರ ಜೊತೆ ಹಡಗಿನಲ್ಲಿ ಬಂತು. ನಮ್ಮವರು ಕೂರೋದು ಜಮಖಾನೆ ಮೇಲೆ. ಎರಡೂ ಕೈಯಿಂದ ಬೇರೆ ಬೇರೆ ಸ್ವರ ಒತ್ತೋ ಸಂಗೀತವೂ ನಮ್ಮದಲ್ಲ. ಕಲಕತ್ತೆಯ ದ್ವಾರಕಾನಾಥ ಘೋಷ್ ಇದನ್ನು ನೋಡಿದರು. 19ನೇ ಶತಮಾನದ ಕೊನೆಯ ಭಾಗದಲ್ಲಿ ಕಾಲು ಕತ್ತರಿಸಿ, ತಿದಿಯನ್ನು ಬೆನ್ನಿಗೆ ಹಾಕಿ ಕೈಪೇಟಿ ಮಾಡಿದರು. ಎಡಗೈ ಗಾಳಿಗೆ, ಬಲಗೈ ಸ್ವರಕ್ಕೆ. ಮುಂದೆ ಷಡ್ಜ ಹಿಡಿದು ನಿಲ್ಲೋ ಗುಂಡಿಗಳೂ ಬಂದವು. ಇದು ಪ್ಯಾರಿಸಿನ ವಾದ್ಯವಾಗಿ ಎಲ್ಲಿ ಉಳಿಯಿತು ಹೇಳಿ?

ನಮ್ಮ ಕಡೆ ನಾಟಕ ಕಂಪನಿಗಳು ಮಾತ್ರ ಕಾಲ್ಪೇಟಿ ಬಿಡಲಿಲ್ಲ. ಯಾಕಂದರೆ ಎರಡೂ ಕೈ ಖಾಲಿ ಸಿಗುತ್ತದೆ, ಸದ್ದೂ ಜೋರು, ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರೆಗೆ ಮುಟ್ಟುತ್ತದೆ. ಮಾಸ್ತರ ಕಾಲ್ಪೇಟಿ ಮೇಲೆ ಕೂತರೆ ಪರದೆ ಏಳೋ ಹೊತ್ತಾಯಿತು ಅಂತ ಅರ್ಥ. ಕಂಪನಿಯಲ್ಲಿ 'ಪೇಟಿ ಮಾಸ್ತರ' ಅಂದರೆ ಬರೀ ವಾದಕ ಅಲ್ಲ. ಹಾಡು ಕಲಿಸೋರು, ನಟನ ಶ್ರುತಿ ಜಾರಿದರೆ ಅಲ್ಲಿಂದಲೇ ಎತ್ತಿ ಕೂರಿಸೋರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳನ್ನೇ ನೋಡಿ. ಪೇಟಿ, ತಬಲಾ, ಸಾರಂಗಿ, ಪಿಟೀಲು ಯಾವುದು ಕೈಗೆ ಬಂದರೂ ನುಡಿಸುತ್ತಿದ್ದರು. ನಾಟಕ ಸಂಘವನ್ನೂ ನಡೆಸಿದರು. ಆ ಆಶ್ರಮದಿಂದ ಪೇಟಿ ಹಿಡಿದು ಹೊರಬಿದ್ದ ಕಣ್ಣಿಲ್ಲದ ಹುಡುಗರು ಊರೂರಲ್ಲಿ ಸಂಗೀತದ ಮಾಸ್ತರರಾದರು.

ಇಂಥ ಪೇಟಿಯನ್ನು ಆಕಾಶವಾಣಿ 1940ರಲ್ಲಿ ಹೊರಗೆ ಹಾಕಿತು. ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರೋದು, ಬರೋದಿಲ್ಲ, ಸ್ವರಗಳನ್ನು ಪಾಶ್ಚಾತ್ಯ ಅಳತೆಗೆ ಸಮ ಮಾಡಿದ್ದಾರೆ, ಶ್ರುತಿಯ ಸೂಕ್ಷ್ಮ ಸಿಗೋದಿಲ್ಲ ಅಂತ ಕಾರಣ. ನಿಷೇಧ ಸಡಿಲಾಗಿದ್ದು 1971ರಲ್ಲಿ. ಕಾರಣ ಸುಳ್ಳಲ್ಲ. ಪೇಟಿಯಲ್ಲಿ ಗಾಂಧಾರ ಒತ್ತಿದರೆ ಒಂದೇ ಗಾಂಧಾರ ಬರುತ್ತದೆ, ದರಬಾರಿಯದೂ ಅದೇ, ಬೇರೆ ರಾಗದ್ದೂ ಅದೇ. ಆದರೂ ಆ ಮೂವತ್ತು ವರ್ಷ ರೇಡಿಯೋ ಹೊರಗೆ ಪೇಟಿ ಇಲ್ಲದ ಭಜನೆ ಯಾವ ಗುಡಿಯಲ್ಲಿತ್ತು? ಜನ ಕೇಳಲಿಲ್ಲ. ಪೇಟಿ ಅನ್ನೋ ಹೆಸರೇ ನೋಡಿ, ಪೆಟ್ಟಿಗೆ ಅಂತ. ಫ್ರಾನ್ಸಿನ ಹೆಸರನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಕರೆದರು.

ಮಕ್ಕಳಿಗೆ ಪೇಟಿ ಬಿಚ್ಚಿ ತೋರಿಸಿ ಟೀಚರ್. ಮೇಲಿನ ಹಲಗೆ ಎತ್ತಿದರೆ ಕೆಳಗೆ ಹಿತ್ತಾಳೆಯ ಚಿಕ್ಕ ರೀಡುಗಳ ಸಾಲು. ಗುಜರಾತಿನ ಪಾಲಿತಾಣಾ ಈ ರೀಡುಗಳಿಗೆ ಹೆಸರಾದ ಊರು. ರೀಡಿನ ನಾಲಿಗೆಯ ತುದಿ ಒಂದಿಷ್ಟು ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಒಂದು ಕೂದಲು ಸಿಕ್ಕಿಕೊಂಡರೂ ಸಾಕು, ಸ್ವರ ಮೂಕಾಗುತ್ತದೆ.

ಸಾಧನಕೇರಿ ಓದುಗ
ಕಾಕಾ, ಮೀಂಡ್ ಇಲ್ಲದ ವಾದ್ಯ ಖಯಾಲಿಗೆ ಸಾಥ್ ಮಾಡಬಾರದು ಅನ್ನೋದು ಈಗಲೂ ನನ್ನ ಮಾತು. ಸಾರಂಗಿ ಹೋಗಿ ಪೇಟಿ ಬಂದದ್ದು ನಷ್ಟವೇ. ಸಾರಂಗಿ ಗಂಟಲಿನ ಹಾಗೆ ಜಾರುತ್ತದೆ.

ಪೇಟಿ ಕಾಕಾ
ಸಾರಂಗಿ ಶ್ರುತಿ ಮಾಡೋದರೊಳಗೆ ಅರ್ಧ ಸಭೆ ಚಹಾ ಕುಡಿದು ಬರುತ್ತಿತ್ತು ಸರ್. ಮೂವತ್ತೈದು ನಲವತ್ತು ತಂತಿ. ಬಡ ಗಾಯಕ ಏನು ಮಾಡಬೇಕು? ಇರಲಿ, ಈ ಜಗಳ ಬೇರೆ ದಿನ ಆಡೋಣ.

ಲಕ್ಕುಂಡಿ ಕಲ್ಲು
ತಡವಾಗಿ ಬಂದೆ. ಶಾಸನ ಓದೋ ಹುಚ್ಚಿನವನು ನಾನು, ಆ ಕಡೆಯಿಂದ ಒಂದಿಷ್ಟು.

ನಮ್ಮ ಸೀಮೆಯಲ್ಲಿ ವಾದ್ಯ ಅಂದರೆ ಅಧಿಕಾರದ ಗುರುತೂ ಆಗಿತ್ತು. ಚಾಲುಕ್ಯರ ಕಾಲದ ಶಾಸನಗಳಲ್ಲಿ 'ಸಮಧಿಗತ ಪಂಚಮಹಾಶಬ್ದ ಮಹಾಮಂಡಳೇಶ್ವರ' ಅಂತ ಬಿರುದು ಬರುತ್ತದೆ. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ, ಈ ಐದನ್ನು ತನ್ನ ಮುಂದೆ ಮೊಳಗಿಸಿಕೊಳ್ಳುವ ಹಕ್ಕು ಚಕ್ರವರ್ತಿಯಿಂದ ಪಡೆದವನು ಅಂತ ಅರ್ಥ. ಯಾರು ಬೇಕಾದವರು ಮೆರವಣಿಗೆಯಲ್ಲಿ ಬಾರಿಸಿಕೊಂಡು ಹೋಗೋ ಹಾಗಿರಲಿಲ್ಲ. ಹಾನಗಲ್ಲಿನ ಕದಂಬರ ಬಿರುದಿನಲ್ಲಿ 'ಪೆರ್ಮಟ್ಟಿ ತೂರ್ಯ' ಬರುತ್ತದೆ, ತೂರ್ಯ ಅಂದರೆ ವಾದ್ಯ. ಸವದತ್ತಿಯ ರಟ್ಟರದು 'ತ್ರಿವಳಿ ತೂರ್ಯ'. ಬಾವುಟಕ್ಕೆ ಒಂದು ಚಿತ್ರ ಇದ್ದ ಹಾಗೆ ಮನೆತನಕ್ಕೆ ಒಂದು ವಾದ್ಯ. ತಮ್ಮಟ ಇವತ್ತಿನ ತಮಟೆ. ರಾಜನ ಮುಂದೆ ಹೋಗುತ್ತಿದ್ದ ವಾದ್ಯ ಅದು. ಅದನ್ನು ಬಾರಿಸೋರನ್ನು ಊರ ಹೊರಗೆ ಇಟ್ಟ ನಮ್ಮ ಸಮಾಜದ ಬುದ್ಧಿಗೆ ಏನು ಹೇಳೋಣ.

ಇನ್ನು ಕರಡಿ. ಇದನ್ನು ಬಾರಿಸೋ ಮೇಳಕ್ಕೆ ಕರಡಿ ಮಜಲು ಅನ್ನುತ್ತಾರೆ. ಕರಡಿ ಮಜಲಿನ ಕರಡಿಗೂ ಕಾಡಿನ ಕರಡಿಗೂ ಸಂಬಂಧ ಕಟ್ಟಿ ಕಥೆ ಹೇಳುತ್ತಾರೆ. ಹಳಗನ್ನಡದಲ್ಲಿ 'ಕರಡೆ' ಅನ್ನೋ ಚರ್ಮವಾದ್ಯ ಇದೆ. 13ನೇ ಶತಮಾನದಲ್ಲಿ ಶಾರ್ಙ್ಗದೇವ ದೇವಗಿರಿಯಲ್ಲಿ ಬರೆದ ಸಂಗೀತ ರತ್ನಾಕರದಲ್ಲಿ 'ಕರಟಾ' ಅಂತ ಬರುತ್ತದೆ. ನಮ್ಮ ಕರಡಿ ಅದರ ವಂಶದ್ದೇ ಅನ್ನೋದು ನನ್ನ ಪಕ್ಷ. 'ಮಜಲು' ಅಂದರೆ ಪ್ರಯಾಣದಲ್ಲಿ ಒಂದು ನಿಲ್ದಾಣ, ಅದು ಅರಬ್ಬಿಯ 'ಮಂಜಿಲ್'. ಕರಡಿ ಬಾರಿಸುವಾಗಲೂ ಒಂದೊಂದು ಗತ್ತು ಮುಗಿಸಿ ಮುಂದಿನದಕ್ಕೆ ಹೋಗುತ್ತಾರಲ್ಲ. ಒಂದೇ ಹೆಸರಿನಲ್ಲಿ ಹಳಗನ್ನಡವೂ ಇದೆ, ಅರಬ್ಬಿಯೂ ಇದೆ.

ಬ್ಯಾಹಟ್ಟಿಯವ
ಡೊಳ್ಳು?

ಲಕ್ಕುಂಡಿ ಕಲ್ಲು
ಡೊಳ್ಳು ಅಚ್ಚ ಕನ್ನಡ ಅನ್ನೋದು ನನ್ನ ಪಕ್ಷ ಸರ್. ಡೊಳ್ಳು ಹೊಟ್ಟೆ ಅನ್ನುತ್ತೇವಲ್ಲ, ಅದೇ. ಹಾಲುಮತದವರು ಹೇಳೋ ಕಥೆಯಲ್ಲಿ ಡೊಳ್ಳಾಸುರ ಶಿವನನ್ನು ನುಂಗುತ್ತಾನೆ, ಶಿವ ಹೊಟ್ಟೆ ಸೀಳಿ ಹೊರಬಂದು ಅವನ ಚರ್ಮದಿಂದಲೇ ಡೊಳ್ಳು ಮಾಡಿ ಭಕ್ತರಿಗೆ ಕೊಡುತ್ತಾನೆ. ಟೀಚರ್ ಕೇಳಿದ ಹಾಗೆ, ಇದು ಕಥೆ. ಆದರೆ 'ತಬ್ ಭೀ ಬೋಲಾ'ಗಿಂತ ನೂರು ಪಾಲು ಚೆನ್ನಾಗಿದೆ.

ಇನ್ನೊಂದು ಮಾತು. ವೀಣೆಯ ಎದುರು ಬರೀ ಸರಸ್ವತಿ ಅಂತ ಬರೆಯಬೇಡಿ, ಬಸವಣ್ಣನನ್ನೂ ಕರೆಯಿರಿ. 'ಎನ್ನ ಕಾಯವ ದಂಡಿಗೆಯ ಮಾಡಯ್ಯಾ' ವಚನ ಎಲ್ಲರಿಗೂ ಬಾಯಿಪಾಠ. ಭಕ್ತಿಯನ್ನು ಒಂದು ಕ್ಷಣ ಪಕ್ಕಕ್ಕಿಟ್ಟು ವಾದ್ಯದ ವಿವರ ಅಂತ ಓದಿ. ಮೈ ದಂಡಿಗೆ, ತಲೆ ಸೋರೆ, ನರ ತಂತಿ, ಬೆರಳು ಕಡ್ಡಿ. ಕೊನೆಗೆ 'ಉರದಲೊತ್ತಿ ಬಾರಿಸು'. ಇದು ಈಗಿನ ತಂಜಾವೂರು ವೀಣೆಯಲ್ಲ, ಅದು ಈ ರೂಪಕ್ಕೆ ಬಂದದ್ದು 17ನೇ ಶತಮಾನದಲ್ಲಿ. ಇದು ಕೋಲು ವೀಣೆ. ಬಿದಿರಿನ ದಂಡಿಗೆ, ಅದಕ್ಕೆ ಕಟ್ಟಿದ ಸೋರೆ ಬುರುಡೆ, ಬುರುಡೆಯ ತೆರೆದ ಬಾಯಿಯನ್ನು ಎದೆಗೆ ಒತ್ತಿ ನುಡಿಸೋದು. ಬುರುಡೆಯನ್ನು ಎದೆಯಿಂದ ಒಂದಿಷ್ಟು ಸರಿಸಿದರೆ, ಮತ್ತೆ ಒತ್ತಿದರೆ ನಾದದ ಬಣ್ಣ ಬದಲಾಗುತ್ತದೆ. ಬಸವಣ್ಣ ಉಪಮೆ ಕಟ್ಟಿದ್ದಲ್ಲ, ಕಣ್ಣಾರೆ ಕಂಡದ್ದನ್ನು ಹೇಳಿದ್ದು.

ಅದೇ ಕಾಲದ ಶರಣ ಕಿನ್ನರಿ ಬೊಮ್ಮಯ್ಯ ಹೆಸರಿನಲ್ಲೇ ವಾದ್ಯ ಇಟ್ಟುಕೊಂಡವನು. ಕಿನ್ನರಿಯೂ ಕೋಲು ವೀಣೆಯೇ, ಆದರೆ ಅದಕ್ಕೆ ಮೆಟ್ಟಿಲುಗಳಿದ್ದವು. ಮೇಣದಲ್ಲಿ ಕೂರಿಸುತ್ತಿದ್ದರು. ಶಾರ್ಙ್ಗದೇವ ಅದರ ಅಳತೆ ಸಹಿತ ಬರೆದಿದ್ದಾನೆ. ಅವನಿಗೆ ಆಶ್ರಯ ಕೊಟ್ಟ ದೇವಗಿರಿಯ ಅರಸರು ಸೇವುಣರು ಗದಗ, ಲಕ್ಕುಂಡಿ ಸೀಮೆಯನ್ನೂ ಆಳಿದವರು. ಕಿನ್ನರಿ ಜೋಗಿಗಳು ಅಂತ ಹಾಡುವವರ ಪರಂಪರೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ.

ಗುತ್ತಲ ಹುಡುಗ
'ಬೆರಳ ಕಡ್ಡಿ' ಅಂದರೆ ಮೀಟೋ ಕಡ್ಡಿಯಾ, ಮೆಟ್ಟಿಲಾ?

ಲಕ್ಕುಂಡಿ ಕಲ್ಲು
ಒಳ್ಳೆ ಪ್ರಶ್ನೆ. ಹಳೆಯ ಏಕತಂತ್ರಿ ವೀಣೆಯಲ್ಲಿ ಎಡಗೈಯಲ್ಲಿ ಬಿದಿರಿನ ಕಡ್ಡಿ ಹಿಡಿದು ತಂತಿಯ ಮೇಲೆ ಜಾರಿಸುತ್ತಿದ್ದರು. ಮೀಟೋ ಕಡ್ಡಿ ಅಂತಲೂ ಓದಬಹುದು. ನಾನು ಜಾರಿಸೋ ಕಡ್ಡಿಯ ಪಕ್ಷ.

ಬೆಟಗೇರಿ ಅಕ್ಕ
ಚೌಡಕಿ ಬಾರಿಸೋರ ಕೈಯಲ್ಲೂ ಕಡ್ಡಿ ಇರುತ್ತದೆ, ಅದು ಮೀಟೋದೇ. ನಾನು ಮೀಟೋ ಕಡ್ಡಿಯ ಪಕ್ಷ.

ಕುಂದಗೋಳ ಲೈನ್
ಶಿಶುನಾಳ ಷರೀಫರನ್ನೂ ಸೇರಿಸಿ. 1819ರಿಂದ 1889. ಶಿಗ್ಗಾವಿ ತಾಲೂಕಿನಲ್ಲಿ ಕೂತು ತಂಬೂರಿಯ ಮೇಲೇ ಒಂದು ಪದ ಕಟ್ಟಿದ್ದಾರೆ, ಸ್ವರ ಬಾರದೆ ಬಾರಿಸಬೇಡ ಅಂತ. ಬಸವಣ್ಣನ ದಂಡಿಗೆ ಏಳು ನೂರು ವರ್ಷದಲ್ಲಿ ಷರೀಫರ ಕೈಗೆ ಬರೋವಾಗ ಪಾರಸಿ ಹೆಸರು ಹೊತ್ತು ಬಂದಿತ್ತು. ತತ್ವಪದದವರ ಏಕತಾರಿ ನೋಡಿದರೆ ದಂಡಿಗೆ ಅದೇ, ಸೋರೆ ಅದೇ.

ಮಾಳಮಡ್ಡಿ ಟೀಚರ್
ಅಬ್ಬಾ, ಒಂದು ಚಾರ್ಟ್ ಕೇಳಿದರೆ ನಾಲ್ಕು ಗೋಡೆಗೆ ಆಗೋಷ್ಟು ಕೊಟ್ಟಿರಿ. ಸನಾದಿ ಬಗ್ಗೆ ಯಾರೂ ಬರೆಯಲಿಲ್ಲ.

ಬ್ಯಾಹಟ್ಟಿಯವ
ಶಹನಾಯಿ, ಮರಾಠಿಯ ಸನಈ, ನಮ್ಮ ಸನಾದಿ, ಮೂರೂ ಒಂದೇ ಬಳಗ. ಪಾರಸಿಯ 'ನಾಯ್' ಅಂದರೆ ಊದೋ ಕೊಳವೆ. ಮುಂದಿನ 'ಶಹ' ಅಂದರೆ ಬಾದಶಹ ಅಂತ ಕೆಲವರು ಹೇಳುತ್ತಾರೆ. ದಕ್ಷಿಣ ಕರ್ನಾಟಕದವರಿಗೆ ಸನಾದಿ ಅನ್ನೋ ಹೆಸರು ಪರಿಚಯವಾದದ್ದು 1977ರ ರಾಜಕುಮಾರ್ ಸಿನಿಮಾ 'ಸನಾದಿ ಅಪ್ಪಣ್ಣ'ದಿಂದ. ಅದರಲ್ಲಿ ಊದಿದವರು ಬಿಸ್ಮಿಲ್ಲಾ ಖಾನ್. ನಮ್ಮಲ್ಲಿ ಭಜಂತ್ರಿ ಮನೆತನದವರು ತಲೆತಲಾಂತರದಿಂದ ಊದುತ್ತಾ ಬಂದಿದ್ದಾರೆ. ಪಕ್ಕದಲ್ಲಿ ಒಬ್ಬರು ಬರೀ ಶ್ರುತಿ ಹಿಡಿದಿರುತ್ತಾರೆ. ಅವರು ಉಸಿರು ನಿಲ್ಲಿಸೋದೇ ಇಲ್ಲ. ಕೆನ್ನೆಯಲ್ಲಿ ಗಾಳಿ ಕೂಡಿಟ್ಟುಕೊಂಡು ಮೂಗಿನಿಂದ ಎಳೆದುಕೊಳ್ಳುತ್ತಾರೆ.

ಹೋದ ಸೀಸನ್ನಿನಲ್ಲಿ ನಮ್ಮ ಮನೆಯ ಮದುವೆ ಒಂದು ಕಲ್ಯಾಣ ಮಂಟಪದಲ್ಲಿತ್ತು. ಸನಾದಿಯವರನ್ನು ಹೇಳಿದ್ದೆವು. ಮಂಟಪದವರು "ನಮ್ಮ ಸೌಂಡ್ ಸಿಸ್ಟಮ್ ಇದೆಯಲ್ಲ, ಇವರು ಯಾಕೆ" ಅಂತ ಅವರನ್ನು ಪಾರ್ಕಿಂಗ್ ಹತ್ತಿರ ಕೂರಿಸಿದರು. ಅಕ್ಷತೆ ಹೊತ್ತಿಗೆ ಕರೆಂಟ್ ಹೋಯಿತು. ಆಮೇಲೆ ಓಡಿ ಹೋಗಿ ಕರೆದುಕೊಂಡು ಬಂದರು.

ಗುತ್ತಲ ಹುಡುಗ
😂😂 ಜನರೇಟರ್‌ಗಿಂತ ಸನಾದಿ ಬೇಗ ಶುರುವಾಗುತ್ತದೆ.

ಸಾಧನಕೇರಿ ಓದುಗ
ಟೀಚರ್, ಚಾರ್ಟನ್ನು ವಿಂಗಡಿಸೋಕೆ ನಾಟ್ಯಶಾಸ್ತ್ರದ ನಾಲ್ಕು ಗುಂಪು ಸಾಕು. ತಂತಿಯದು ತತ, ಊದೋದು ಸುಷಿರ, ಚರ್ಮ ಬಿಗಿದದ್ದು ಅವನದ್ಧ, ಗಟ್ಟಿ ಲೋಹದ್ದು ಘನ. ಕಲಕತ್ತೆಯ ಸೌರೀಂದ್ರ ಮೋಹನ ಟಾಗೋರ್ 1876ರಲ್ಲಿ ಬೆಲ್ಜಿಯಂ ದೊರೆಗೆ ನಮ್ಮ ವಾದ್ಯಗಳ ದೊಡ್ಡ ಸಂಗ್ರಹವನ್ನೇ ಕಳಿಸಿದರು. ಬ್ರಸೆಲ್ಸ್ ಮ್ಯೂಸಿಯಮ್ಮಿನ ಮಾಹಿಯೋಂ 1880ರಲ್ಲಿ ಕ್ಯಾಟಲಾಗ್ ಮಾಡುವಾಗ ಎಲ್ಲ ದೇಶದ ವಾದ್ಯಗಳನ್ನೂ ಹೀಗೇ ನಾಲ್ಕು ಪಾಲು ಮಾಡಿದ. 1914ರಲ್ಲಿ ಹಾರ್ನ್‌ಬೊಸ್ಟೆಲ್, ಸ್ಯಾಕ್ಸ್ ಅದನ್ನು ಬೆಳೆಸಿದರು. ಈಗ ಜಗತ್ತಿನ ಮ್ಯೂಸಿಯಮ್ಮುಗಳು ಬಳಸೋದು ಅದನ್ನೇ.

ಪೇಟಿ ಕಾಕಾ
ಹಾಗಾದರೆ ಪೇಟಿ ಸುಷಿರ. ಬಾಯಿಂದ ಊದದಿದ್ದರೂ ಗಾಳಿಯೇ ತಾನೇ ನುಡಿಯೋದು.

ಬೆಟಗೇರಿ ಅಕ್ಕ
ಚೌಡಕಿ ಎಲ್ಲಿ ಹಾಕುತ್ತೀರಿ? ಮೀಟೋದು ತಂತಿ, ನುಡಿಯೋದು ಚರ್ಮ.

ಸಾಧನಕೇರಿ ಓದುಗ
ಅಕ್ಕಾ, ಅಲ್ಲೇ ದೊಡ್ಡ ದೊಡ್ಡವರು ಎಡವಿದ್ದಾರೆ. ಸ್ಯಾಕ್ಸ್ ಕಡೆಯವರು ಇದನ್ನು 'ಮೀಟುವ ಚರ್ಮವಾದ್ಯ' ಅಂದರು. ಮುಂದಿನವರು 'ಅಲ್ಲ, ತಂತಿಯೇ ನಾದದ ಮೂಲ' ಅಂತ ತಂತಿಯ ಗುಂಪಿಗೆ ಎಳೆದರು. ಎರಡು ಗುಂಪಿನ ಗೆರೆಯ ಮೇಲೇ ಅಂಟಿಸಿಬಿಡಿ.

ಮಾಳಮಡ್ಡಿ ಟೀಚರ್
ಹಾಗೇ ಮಾಡುತ್ತೇವೆ. ಚೌಡಕಿ ಗೆರೆಯ ಮೇಲೆ. 'ಕಂಡುಹಿಡಿದವರು' ಕಾಲಂ ತೆಗೆದೆವು. ಅದರ ಜಾಗದಲ್ಲಿ ಮೂರು: ಹೆಸರು ಯಾವ ಭಾಷೆಯದು, ಮಾಡುವವರು ಯಾರು, ನಮ್ಮ ಕಡೆ ನುಡಿಸುವವರು ಯಾರು. ಮೂರನೆಯದನ್ನು ಮಕ್ಕಳೇ ಓಣಿಯಲ್ಲಿ ಕೇಳಿ ತುಂಬುತ್ತಾರೆ. ಆ ಹುಡುಗಿಯ ಅಜ್ಜಿ ಶನಿವಾರ ಬರಲು ಒಪ್ಪಿದ್ದಾರೆ. ಕಾಕಾ, ಹಳೆ ಪೇಟಿ ಬಿಚ್ಚಿ ತೋರಿಸೋಕೆ ನೀವೇ ಬರಬೇಕು.

ಪೇಟಿ ಕಾಕಾ
ಬರುತ್ತೇನೆ. ಬಿಚ್ಚೋದು ಸುಲಭ, ಜೋಡಿಸುವಾಗ ಮಕ್ಕಳನ್ನು ದೂರ ಇಡಿ.

ಬ್ಯಾಹಟ್ಟಿಯವ
ನಮ್ಮ ಮೇಳದವರನ್ನು ಕೇಳಿದೆ ಟೀಚರ್, ಜಗ್ಗಲಗಿ ತರುತ್ತೇವೆ ಅಂದರು. ಟೆಂಪೋದಿಂದ ಇಳಿಸಿ ಉರುಳಿಸಿಕೊಂಡೇ ಒಳಗೆ ಬರಬೇಕು. ನಿಮ್ಮ ಶಾಲೆಯ ಗೇಟು ಎಷ್ಟು ಅಗಲ ಇದೆ?

ಮಾಳಮಡ್ಡಿ ಟೀಚರ್
ಚಿಕ್ಕ ಗೇಟಿನಲ್ಲಿ ಆಗೋದಿಲ್ಲ ಅಣ್ಣಾ, ಸ್ಕೂಲ್ ಬಸ್ಸಿನ ಗೇಟು ತೆಗೆಸುತ್ತೇನೆ. ಪಕ್ಕದ ಕಾಂಪೌಂಡಿನವರಿಗೂ ಮೊದಲೇ ಹೇಳಿಡುತ್ತೇನೆ.